ಒಂಬತ್ತು ಕಚ್ಚುಗಳು

"ಟಾರ್ಚು ಅಲ್ಲಿ ಬೇಡ ಮೇಡಂ, ಇಲ್ಲಿ ಬಿಡಿ, ಹಳಿ ಮೇಲೆ. ಬೆರಳಿಟ್ಟು ನೋಡಿ. ಈ ಕೆಲಸದಲ್ಲಿ ಕಣ್ಣಿಗಿಂತ ಬೆರಳಿಗೆ ಬುದ್ಧಿ ಜಾಸ್ತಿ."

ಸಣ್ಣಮ್ಮ ಬೆರಳಿಟ್ಟಳು.

ಇಬ್ಬರೂ ನಿಂತಿದ್ದದ್ದು ಆಸ್ಪತ್ರೆಯ ನೆಲಮಹಡಿಯಲ್ಲಿ, ಲಿಫ್ಟಿನ ಗುಂಡಿಗೆ ಅಡ್ಡಲಾಗಿ ಹಾಸಿದ್ದ ಎರಡು ಹಲಗೆಗಳ ಮೇಲೆ. ಕೆಳಗೆ ಒಂದಾಳು ಆಳದ ಕತ್ತಲೆ. ಮೇಲೆ, ಎರಡನೇ ಮಹಡಿಯ ಮಟ್ಟದಲ್ಲಿ, ಜಜ್ಜಿಹೋದ ಕ್ಯಾಬಿನ್ನನ್ನು ಸರಪಳಿಯಿಂದ ಬಿಗಿದು ನೇತುಹಾಕಿದ್ದರು. ಅದು ಅಲುಗುತ್ತಿರಲಿಲ್ಲ. ಆದರೂ ಅವಳು ಆಗಾಗ ತಲೆ ಎತ್ತಿ ನೋಡುತ್ತಿದ್ದಳು. ಆ ಸರಪಳಿ ಗಟ್ಟಿ ಇದೆಯೆಂದು ನೋಡಿ ಹೇಳಿದವರು ಯಾರು, ಅವರು ನಿಜವಾಗಿ ನೋಡಿದ್ದರೇ ಎಂಬ ಯೋಚನೆ ಬಂದು ಕತ್ತಿನ ಹಿಂಭಾಗ ತಣ್ಣಗಾಗುತ್ತಿತ್ತು.

ಹನ್ನೊಂದು ದಿನದ ಹಿಂದೆ ಈ ಸ್ಟ್ರೆಚರ್ ಲಿಫ್ಟ್ ನಾಲ್ಕನೇ ಮಹಡಿಯಿಂದ ಹಗ್ಗ ಕಡಿದು ಬಿದ್ದು ಒಬ್ಬ ಬಾಣಂತಿ, ಒಬ್ಬ ಆಯಾ ಸತ್ತಿದ್ದರು. ಲಿಫ್ಟ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಲಾಕಪ್ಪಿನಲ್ಲಿದ್ದ. ಅವನ ಮೇಲಿನ ದೋಷಾರೋಪ ಪಟ್ಟಿ ಇವತ್ತು ಸಂಜೆ ಐದರೊಳಗೆ ಕೋರ್ಟು ಸೇರಬೇಕಿತ್ತು.

ತನಿಖಾ ಕಚೇರಿಯಲ್ಲಿ 'ದೊಡ್ಡವರು' ಎಂದರೆ ಮುಖ್ಯಾಧಿಕಾರಿ. ಅವರ ಕೈಕೆಳಗೆ ಈ ಪ್ರಕರಣ ನೋಡುತ್ತಿದ್ದ ಇವಳು ಹಾಗಾಗಿ ಎಲ್ಲರ ಬಾಯಲ್ಲೂ ಸಣ್ಣಮ್ಮ. ಪಕ್ಕದಲ್ಲಿದ್ದ ಮುದುಕ, ನಲವತ್ತು ವರ್ಷ ಲಿಫ್ಟ್ ಕೆಲಸ ಮಾಡಿ ಬಿಟ್ಟ ಮೇಸ್ತ್ರಿ. ಲಾಕಪ್ಪಿನಲ್ಲಿದ್ದವನು ಅವರ ಅಳಿಯ, ಅವರ ಕೈಯಲ್ಲೇ ಕೆಲಸ ಕಲಿತವನು.

ಮೊಣಕಾಲಿನ ಎತ್ತರದಲ್ಲಿ ಅವಳ ಬೆರಳು ತಡೆಯಿತು. ಉಕ್ಕಿನ ಹಳಿಯ ಮೇಲೊಂದು ಗಾಯ. ಗೇಣು ಬಿಟ್ಟು ಇನ್ನೊಂದು. ಮತ್ತೆ ಗೇಣಿಗೆ ಮತ್ತೊಂದು. ಕೊನೆಯದು ಮುಟ್ಟಲು ಅವಳು ತುದಿಗಾಲಲ್ಲಿ ನಿಲ್ಲಬೇಕಾಯಿತು.

"ಒಂಬತ್ತು," ಎಂದಳು.

"ಹ್ಞೂಂ. ಒಂಬತ್ತು ಕಚ್ಚು. ನಿಮ್ಮ ಪಟ್ಟೀಲೂ ಅಷ್ಟೇ ಬರೆದಿದೆ ಅಂದ್ರಲ್ಲ."

ಬರೆದಿತ್ತು. ನಿನ್ನೆ ಕರಡು ಓದುವಾಗ ಆ ಸಾಲಿನ ಹತ್ತಿರ ಅವಳ ಕಣ್ಣು ನಿಂತಿತ್ತು. ಹಳಿಯ ಮೇಲೆ ಒಂಬತ್ತು ಕಚ್ಚುಗುರುತುಗಳಿವೆ. ಒಂಬತ್ತು ವರ್ಷವೂ ಸುರಕ್ಷಾ ಪರೀಕ್ಷೆ ನಡೆದದ್ದಕ್ಕೆ ಅದೇ ಸಾಕ್ಷಿ. ಆದ್ದರಿಂದ ಬೀಳುವ ಕ್ಯಾಬಿನ್ನನ್ನು ಹಿಡಿದು ನಿಲ್ಲಿಸುವ ದವಡೆ ಕೆಲಸ ಮಾಡದೆ ಹೋದದ್ದಕ್ಕೆ ಮೆಕ್ಯಾನಿಕ್ಕನ ಕೈವಾಡವೇ ಕಾರಣ. ಆ ಸಾಲು ಲಿಫ್ಟ್ ಇನ್ಸ್‌ಪೆಕ್ಟರ್ ಕೊಟ್ಟ ವರದಿಯಿಂದ ಬಂದಿರಬೇಕು ಅಂದುಕೊಂಡಿದ್ದಳು. ಅದಕ್ಕೇ ಮೇಸ್ತ್ರಿಯನ್ನು ಕರೆತಂದದ್ದು.

"ಪರೀಕ್ಷೆ ಅಂದ್ರೆ ಏನ್ ಮಾಡ್ತಾರೆ ಹೇಳಿ," ಎಂದಳು. "ನನಗೇನೂ ಗೊತ್ತಿಲ್ಲ ಅಂತ ಇಟ್ಕೊಳ್ಳಿ."

"ಇಟ್ಕೊಳ್ಳೋದೇನು, ಗೊತ್ತಿಲ್ಲವಲ್ಲ ನಿಮಗೆ," ಎಂದರು ಮೇಸ್ತ್ರಿ. "ಕ್ಯಾಬಿನ್ನಿಗೆ ತೂಕ ತುಂಬಿ ಕೆಳಗೆ ಬಿಡ್ತಾರೆ. ವೇಗ ಮಿತಿ ಮೀರಿತು ಅಂದ್ರೆ ಅದರ ಅಡಿಯಲ್ಲಿರೋ ಉಕ್ಕಿನ ದವಡೆ ಹಳಿಯನ್ನ ಕಚ್ಚಿ ಹಿಡೀಬೇಕು. ಹಗ್ಗ ಹರಿದರೂ ಜನ ಉಳಿಯೋದು ಅದರಿಂದ್ಲೇ. ಕಚ್ಚಿದ ಕಡೆ ಹಳಿ ಮೇಲೆ ಗಾಯ ಆಗುತ್ತೆ."

"ವರ್ಷಕ್ಕೊಂದು ಪರೀಕ್ಷೆ, ವರ್ಷಕ್ಕೊಂದು ಗಾಯ. ಸರಿಯಾಗೇ ಇದೆಯಲ್ಲ?"

"ಅದೇ ಮೇಡಂ ಯಡವಟ್ಟು. ಇಷ್ಟು ಸರಿ ಇರಬಾರದು."

ಮೇಸ್ತ್ರಿ ಜೇಬಿನಿಂದ ಒಂದು ಸಣ್ಣ ಅರ ತೆಗೆದರು. ಕಬ್ಬಿಣ ಉಜ್ಜುವ ಅರ. ಹಿಡಿ ಸವೆದು ಅವರ ಹೆಬ್ಬೆರಳಿನ ಅಚ್ಚು ಅದರಲ್ಲಿ ಕೂತುಬಿಟ್ಟಿತ್ತು.

"ಗಾಯ ಆದ ದಿನವೇ ಮೆಕ್ಯಾನಿಕ್ ಇದನ್ನ ತಗೊಂಡು ಉಜ್ಜಿ ನುಣ್ಣಗೆ ಮಾಡ್ತಾನೆ. ಮಾಡ್ಲೇಬೇಕು. ಇಲ್ಲಾಂದ್ರೆ ಆ ಜಾಗ ದಾಟುವಾಗಲೆಲ್ಲ ಕ್ಯಾಬಿನ್ ಗಡಕ್ ಅನ್ನುತ್ತೆ. ಹೊಟ್ಟೆ ಹೊಲಿಸಿಕೊಂಡು ಮಲಗಿರೋ ಹೆಂಗಸರು ಸ್ಟ್ರೆಚರಿನಲ್ಲಿ ಹೋಗೋ ಲಿಫ್ಟು ಇದು. ಒಂಬತ್ತು ಸಲ ಗಡಕ್ ಅಂದ್ರೆ ಡಾಕ್ಟರು ಸುಮ್ನೆ ಬಿಡ್ತಾರಾ? ಮಾರನೇ ದಿನವೇ ಮೆಕ್ಯಾನಿಕ್ಕನ ಕಿವಿ ಹಿಂಡ್ತಾರೆ."

"ಉಜ್ಜಬೇಕು ಅಂತ ನಿಯಮದಲ್ಲಿ ಇಲ್ಲವಲ್ಲ. ನಾನು ಓದಿದ್ದೀನಿ."

"ನಿಯಮದಲ್ಲಿ ಯಾಕಿರುತ್ತೆ? ಊಟ ಆದ್ಮೇಲೆ ಕೈ ತೊಳೀರಿ ಅಂತ ನಿಮ್ಮ ಆಫೀಸಲ್ಲಿ ಸುತ್ತೋಲೆ ಹೊರಡಿಸ್ತಾರಾ?"

ಸಣ್ಣಮ್ಮನಿಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಅವಳು ಗಾಯದ ಅಂಚಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಚುರುಕ್ ಎಂದಿತು. ಬೆರಳ ತುದಿಯಲ್ಲಿ ರಕ್ತದ ಹನಿ ಮೂಡಿತ್ತು.

"ನೋಡಿದ್ರಾ?" ಮೇಸ್ತ್ರಿಯ ದನಿ ತಗ್ಗಿತು. "ಬಿದ್ದ ಕ್ಯಾಬಿನ್ ಇದೇ ಹಳಿ ಉಜ್ಜಿಕೊಂಡು ಇಳೀತು. ಅದನ್ನ ಮೇಲೆ ಎತ್ತಿದಾಗ ಮತ್ತೆ ಇದನ್ನೇ ಉಜ್ಜಿಕೊಂಡು ಹತ್ತಿತು. ಎರಡು ಸಲ ಅಷ್ಟು ಭಾರ ಹಾಯ್ದ ಮೇಲೂ ಅಂಚು ಬ್ಲೇಡಿನ ಹಾಗೆ ಇರುತ್ತಾ? ಇದು ದವಡೆ ಕಚ್ಚಿದ್ದಲ್ಲ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಕ್ಯಾಬಿನ್ ಮೇಲೆ ಹೋದ ಮೇಲೆ."

"ಅಂದ್ರೆ ಒಂಬತ್ತು ವರ್ಷದಲ್ಲಿ ಒಂದು ಸಲವೂ ಪರೀಕ್ಷೆ ಆಗಿಲ್ಲ."

"ಆಗಿದ್ರೆ ಉಜ್ಜಿದ ಹೊಳಪು ಎಲ್ಲಾದ್ರೂ ಒಂದು ಕಡೆ ಇರಬೇಕಿತ್ತು. ಹುಡುಕಿ, ಸಿಕ್ಕಿದ್ರೆ ನನ್ನ ಕಿವಿ ಕುಯ್ದು ಕೊಡ್ತೀನಿ." ಮುದುಕ ಅರವನ್ನು ಜೇಬಿಗೆ ಹಾಕಿಕೊಂಡರು. "ದವಡೆ ತುಕ್ಕು ಹಿಡಿದಿದೆ, ಬದಲಾಯಿಸಿ ಅಂತ ನಮ್ಮಳಿಯ ಮೂರು ಸಲ ಅರ್ಜಿ ಬರೆದ. ಅರ್ಜಿ ತಲುಪಿದೆ ಅಂತ ಒಂದು ಮುದ್ರೆ ಹಾಕೋಕೆ ಲಿಫ್ಟ್ ಇನ್ಸ್‌ಪೆಕ್ಟರ್ ಆಫೀಸಿನ ಗುಮಾಸ್ತನ ಕೈ ಬೆಚ್ಚಗೆ ಮಾಡಬೇಕಿತ್ತು. ಮಾಡಪ್ಪಾ ಅಂದೆ. ನ್ಯಾಯವಾದ ಕೆಲಸಕ್ಕೆ ಯಾಕೆ ಮಾವ ಅಂದ. ಈಗ ಅರ್ಜಿಯೇ ಬಂದಿಲ್ಲ ಅಂತಿದ್ದಾರೆ."

ಅವಳ ತಲೆಯಲ್ಲಿ ಬೇರೊಂದು ವಿಷಯ ಕೊರೆಯುತ್ತಿತ್ತು.

ಅಪಘಾತವಾದ ದಿನ ಸಂಜೆ ಕ್ಯಾಬಿನ್ ಎತ್ತಿದ ಕೂಡಲೇ ಎಲ್ಲ ಮಹಡಿಯ ಲಿಫ್ಟ್ ಬಾಗಿಲಿಗೂ ಅರಗಿನ ಮುದ್ರೆ ಒತ್ತಿಸಿದ್ದವಳು ಅವಳೇ. ಇವತ್ತು ಬೆಳಿಗ್ಗೆ ಅವನ್ನು ಒಂದೊಂದಾಗಿ ನೋಡಿ, ಈ ಬಾಗಿಲಿನದನ್ನು ಒಡೆದವಳೂ ಅವಳೇ. ಯಾವುದೂ ಬಿರುಕು ಬಿಟ್ಟಿರಲಿಲ್ಲ. ಒಡೆದು ಮತ್ತೆ ಒತ್ತಬೇಕೆಂದರೆ ಹಿತ್ತಾಳೆಯ ಅಚ್ಚು ಇರುವುದು ಒಂದೇ, ಅದೂ ತನಿಖಾ ಕಚೇರಿಯಲ್ಲಿ.

"ಮೇಸ್ತ್ರಿ," ಎಂದಳು, "ಇದನ್ನ ಮಾಡಿದವನಿಗೆ ಲಿಫ್ಟ್ ಕೆಲಸ ಗೊತ್ತಿಲ್ಲ ಅಂತೀರಾ?"

"ಲಿಫ್ಟಿನ ಕಾಗದ ಚೆನ್ನಾಗಿ ಗೊತ್ತಿದೆ," ಎಂದರು ಮುದುಕ. "ಲಿಫ್ಟು ಗೊತ್ತಿಲ್ಲ."

*

ಲಿಫ್ಟ್ ಇನ್ಸ್‌ಪೆಕ್ಟರರ ಕಚೇರಿ ಊರಿನ ಇನ್ನೊಂದು ಕಡೆ, ಒಂದು ಸರ್ಕಾರಿ ಕಟ್ಟಡದ ಐದನೇ ಮಹಡಿಯಲ್ಲಿತ್ತು. ಮಧ್ಯಾಹ್ನ ಮೂರು ಗಂಟೆಗೆ ಸಣ್ಣಮ್ಮ ಅಲ್ಲಿಗೆ ಹೋದಾಗ ಅವರು ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಕಂಬಿಗೆ ಎರಡೂ ಕೈ ಕೊಟ್ಟು, ಏದುಸಿರು ಬಿಡುತ್ತಾ ನಿಂತಿದ್ದರು. ದಪ್ಪ ಆಳು. ಒಂದು ಮಂಡಿಗೆ ಪಟ್ಟಿ ಕಟ್ಟಿದ್ದರು. ಊರಿನ ಲಿಫ್ಟುಗಳಿಗೆಲ್ಲ ಅವರದೇ ಸಹಿ, ಅವರದೇ ರಬ್ಬರ್ ಸ್ಟಾಂಪು. ಜನ ಅವರನ್ನು ಕರೆಯುವುದೇ ಠಸ್ಸೆ ಸಾಹೇಬರು ಎಂದು.

"ಲಿಫ್ಟ್ ಕೆಟ್ಟಿದೆಯಾ ಸರ್?" ಎಂದು ಕೇಳಿದಳು.

"ಓ, ನೀವಾ! ಕೆಟ್ಟಿಲ್ಲ, ಕೆಟ್ಟಿಲ್ಲ. ವ್ಯಾಯಾಮ ಮೇಡಂ. ಡಾಕ್ಟರು ಹತ್ತಿಳೀರಿ ಅಂದಿದ್ದಾರೆ."

"ಪಟ್ಟಿ ಕಟ್ಟಿದ ಡಾಕ್ಟರೇ?"

ಅವರು ಮಂಡಿಯನ್ನು ನೋಡಿಕೊಂಡರು.

ಮೆಟ್ಟಿಲ ಪಕ್ಕದಲ್ಲೇ ಲಿಫ್ಟಿನ ಬಾಗಿಲಿತ್ತು. ಸಣ್ಣಮ್ಮ ಗುಂಡಿ ಒತ್ತಿದಳು. ಬಾಗಿಲು ಕಿರ್ರೆಂದು ತೆರೆಯಿತು. ಒಳಗೆ ಹೋಗಿ ನಿಂತು, ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದಳು. ಕಾಲ ಕೆಳಗಿನ ನೆಲ ಒಂದಿಷ್ಟು ಕುಸಿದಂತಾಗಿ ಅವಳ ಎದೆಯೂ ಅದರೊಂದಿಗೆ ಕುಸಿಯಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಕನ್ನಡಿಯ ಪಕ್ಕದಲ್ಲಿ ಚೌಕಟ್ಟು ಹಾಕಿದ ಸರ್ಟಿಫಿಕೇಟಿತ್ತು. ಪರೀಕ್ಷಿಸಲಾಗಿದೆ, ಸುರಕ್ಷಿತವಾಗಿದೆ. ಅಡಿಯಲ್ಲಿ ಸಹಿ, ನೇರಳೆ ಬಣ್ಣದ ಠಸ್ಸೆ.

"ಬನ್ನಿ ಸರ್. ನಿಮ್ಮದೇ ಸಹಿ ಇದೆ ಇಲ್ಲಿ. ಒಳಗೆ ನಿಂತು ಮಾತಾಡೋಣ."

"ಇಲ್ಲೇ ಮಾತಾಡಬಹುದಲ್ಲ."

"ಎರಡು ಮಹಡಿ ಅಷ್ಟೆ. ಮಂಡಿ ನೋವು ಬೇರೆ."

"ಬೇಡ ಮೇಡಂ."

"ಯಾಕೆ?"

ಲಿಫ್ಟಿನ ಬಾಗಿಲು ಅವಳ ಕೈಗೆ ಬಡಿದು ಹಿಂದೆ ಸರಿಯಿತು. ಇನ್ನೊಮ್ಮೆ ಬಡಿಯಿತು. ಠಸ್ಸೆ ಸಾಹೇಬರ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂದಿತ್ತು. ಅವರು ಅವಳ ಮುಖ ನೋಡುತ್ತಿರಲಿಲ್ಲ, ಕ್ಯಾಬಿನ್ನಿನ ಹೊಸ್ತಿಲಿಗೂ ನೆಲಕ್ಕೂ ನಡುವಿನ ಬೆರಳಗಲದ ಕಪ್ಪು ಸಂದನ್ನು ನೋಡುತ್ತಿದ್ದರು.

"ನೀವು ಮೊದಲು ಹೊರಗೆ ಬನ್ನಿ," ಎಂದರು ಕೊನೆಗೆ. "ನಿಮಗೂ ಮನೇಲಿ ಕಾಯೋರು ಇರ್ತಾರೆ. ಬನ್ನಿ ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಹೊರಗೆ ಬಂದಳು. ಲಿಫ್ಟ್ ಬಾಗಿಲು ಮುಚ್ಚಿಕೊಂಡು ಯಾರದೋ ಕರೆಗೆ ಮೇಲಕ್ಕೆ ಹೋಯಿತು. ನಾಲ್ಕನೇ ಮಹಡಿಯಲ್ಲಿ ಯಾರೋ ಹತ್ತಿದರು. ಒಳಗಿನಿಂದ ಒಂದು ಹೆಂಗಸಿನ ನಗು, ಒಂದು ಮಗುವಿನ ದನಿ ಕ್ಷಣಹೊತ್ತು ಕೇಳಿಸಿ ಮೇಲೆ ಮೇಲೆ ಹೋಗಿ ಕರಗಿತು. ಇಬ್ಬರೂ ಅದು ನಿಂತ ಸದ್ದು ಕೇಳುವವರೆಗೆ ಉಸಿರು ಬಿಗಿಹಿಡಿದಿದ್ದರು.

"ಎಷ್ಟು ಲಿಫ್ಟಿಗೆ ಹೀಗೆ ಸಹಿ ಹಾಕಿದ್ದೀರಿ?"

"ಹಾಕದೇ ಇರೋದನ್ನ ಕೇಳಿ, ಬೇಗ ಮುಗಿಯುತ್ತೆ." ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಶುರುವಿನಲ್ಲಿ ಒಂದು ಶಾಲೆ ಲಿಫ್ಟನ್ನ ಫೇಲ್ ಮಾಡಿದೆ. ಮಾರನೇ ವಾರ ನನ್ನನ್ನ ಎತ್ತಿ ಗೋದಾಮಿಗೆ ಹಾಕಿದರು. ಆರು ತಿಂಗಳು ಹರಿದ ಕುರ್ಚಿ ಎಣಿಸಿದೆ. ವಾಪಸ್ ಬಂದ ಮೇಲೆ ಲಿಫ್ಟ್ ಗುತ್ತಿಗೆದಾರ ಮನೆಗೇ ಬಂದ. ಏನೂ ಕೇಳಲಿಲ್ಲ. ಕವರು ಇಟ್ಟ, ಮಕ್ಕಳ ತಲೆ ಸವರಿದ, ಹೋದ. ಈಗ ಇಡೀ ಊರು ನನ್ನ ಸಹಿ ಹಿಡ್ಕೊಂಡು ಮೇಲೆ ಕೆಳಗೆ ಓಡಾಡ್ತಿದೆ. ನಾನೊಬ್ಬ ಮೆಟ್ಟಿಲು ಹತ್ತುತ್ತೀನಿ."

"ಆ ಒಂಬತ್ತು ಕಚ್ಚು?"

"ನಾನಲ್ಲ."

"ಸರ್—"

"ನಾನಲ್ಲ ಅಂದ್ನಲ್ಲ! ಈ ಮಂಡಿ ಇಟ್ಕೊಂಡು ಹಲಗೆ ಮೇಲೆ ನಿಂತು ಸುತ್ತಿಗೆ ಬೀಸೋಕೆ ಆಗುತ್ತಾ ನನಗೆ? ಒಂದು ಫೋನ್ ಬಂತು. ಎಷ್ಟು ಸರ್ಟಿಫಿಕೇಟ್ ಕೊಟ್ಟಿದ್ದೀರಿ ಅಂದರು. ಒಂಬತ್ತು ಅಂದೆ. ಪ್ರತಿ ಪರೀಕ್ಷೆಗೂ ಏನಾದ್ರೂ ಗುರುತು ಉಳಿಯುತ್ತಾ ಅಂದರು. ಪುಸ್ತಕದಲ್ಲಿ ಇದ್ದದ್ದು ಹೇಳಿದೆ, ಒಂದಕ್ಕೊಂದು ಕಚ್ಚು ಅಂತ. ಅಷ್ಟೇ."

"ಫೋನ್ ಮಾಡಿದವರು ಯಾರು?"

"ಹೆಸರು ನನ್ನ ಬಾಯಲ್ಲಿ ಬರಲ್ಲ. ದನಿ ನನಗೆ ಗೊತ್ತು. ನಿಮಗೆ ಇನ್ನೂ ಚೆನ್ನಾಗಿ ಗೊತ್ತು."

ಮೆಟ್ಟಿಲ ಮೇಲಿನ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅರಗಿನ ಅಚ್ಚು ಯಾರ ಮೇಜಿನ ಖಾನೆಯಲ್ಲಿರುತ್ತದೆ, ಆ ಖಾನೆಯ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ ಎಂಬುದು ಅವಳಿಗೆ ಬೆಳಿಗ್ಗೆಯೇ ಗೊತ್ತಿತ್ತು. ಗೊತ್ತಿದ್ದದ್ದನ್ನು ತನಗೆ ತಾನೇ ಹೇಳಿಕೊಂಡಿರಲಿಲ್ಲ, ಅಷ್ಟೆ.

"ನಿಮ್ಮ ವರದೀಲಿ ಕಚ್ಚುಗುರುತು ಇದೆ ಅಂತ ಬರೆದಿರಿ. ಹೋಗಿ ನೋಡದೇನೇ ಬರೆದಿರಾ?"

"ನೋಡೋದು ಯಾಕೆ?" ಠಸ್ಸೆ ಸಾಹೇಬರು ಮೊದಲ ಸಲ ಅವಳ ಮುಖ ನೋಡಿದರು. ಆ ನೋಟದಲ್ಲಿ ಕನಿಕರದಂಥದ್ದೇನೋ ಇತ್ತು. "ನಿಮ್ಮ ಮಹಜರು ನೋಡಿ ಬರೆದೆ. ನೀವೇ ಬರೆದದ್ದಲ್ಲವಾ ಮೇಡಂ ಅದು?"

*

ತನಿಖಾ ಕಚೇರಿ ಸೇರಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ಚೀಲವನ್ನು ಕುರ್ಚಿಗೆ ನೇತುಹಾಕಿ ಸಣ್ಣಮ್ಮ ನೇರ ದಾಖಲೆ ಕೋಣೆಗೆ ಹೋದಳು. ಕಡತ ಅಲ್ಲಿರಲಿಲ್ಲ. ಅತ್ತಿತ್ತ ಹುಡುಕಿ, ಇಬ್ಬರನ್ನು ಕೇಳಿ, ಬರಿಗೈಯಲ್ಲಿ ವಾಪಸ್ ಬಂದರೆ ಅದು ಅವಳ ಮೇಜಿನ ಮೇಲೇ ಇತ್ತು. ಯಾರೋ ಅಂಚಿಗೆ ಅಂಚು ಕೂಡಿಸಿ ನೀಟಾಗಿ ಇಟ್ಟಿದ್ದರು.

ಅವಳು ನಿಂತೇ ಪುಟ ತಿರುವಿದಳು.

ಸ್ಥಳದಲ್ಲಿ ಕಂಡದ್ದನ್ನು ಕಂಡ ಹಾಗೆ ದಾಖಲಿಸುವುದು ಮಹಜರು. ಆ ದಿನ ಅವಳು ಅದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೈಯಲ್ಲಿ ಬರೆದಿದ್ದಳು. ಬಾಣಂತಿಯ ಒಂಟಿ ಚಪ್ಪಲಿ, ಬಾಗಿದ ಸ್ಟ್ರೆಚರು, ಹರಿದ ಹಗ್ಗ. ಹಳಿಯ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಫೋಟೋದವರೂ ಕ್ಯಾಬಿನ್ ತೆಗೆದಿದ್ದರು, ಹೆಣಗಳನ್ನು ತೆಗೆದಿದ್ದರು, ಹಳಿಯನ್ನು ತೆಗೆದಿರಲಿಲ್ಲ.

ಆ ಕೈಬರಹದ ಹಾಳೆಗಳು ಕಡತದಲ್ಲಿ ಇರಲಿಲ್ಲ. ಅವುಗಳ ಜಾಗದಲ್ಲಿ ಟೈಪು ಮಾಡಿದ ಎರಡು ಪುಟ. ಎರಡನೇ ಪುಟದ ನಡುವೆ, ಚಪ್ಪಲಿಗೂ ಹಗ್ಗಕ್ಕೂ ಮಧ್ಯೆ, ಸದ್ದಿಲ್ಲದೆ ಒಂದು ಸಾಲು ಬಂದು ಕೂತಿತ್ತು. ಎಡಗಡೆಯ ಹಳಿಯ ಮೇಲೆ ಸಮಾನ ಅಂತರದಲ್ಲಿ ಒಂಬತ್ತು ಕಚ್ಚುಗುರುತುಗಳನ್ನು ನಾನು ಖುದ್ದಾಗಿ ನೋಡಿರುತ್ತೇನೆ.

ಕೆಳಗೆ ಅವಳ ಸಹಿ.

ನಕಲಿಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದಳು. ಅಲ್ಲ. ಕೊನೆಯ ಗೆರೆಯನ್ನು ಮೇಲಕ್ಕೆಳೆದು ಚುಕ್ಕಿ ಇಡುವ ಅಭ್ಯಾಸ, ಅವಸರದಲ್ಲಿ ಆ ಚುಕ್ಕಿ ಬಾಲದಂತೆ ಉದ್ದವಾಗುವುದು, ಎಲ್ಲ ಅವಳದೇ. ಆಗ ನೆನಪಾಯಿತು. ಅಪಘಾತವಾದ ನಾಲ್ಕನೇ ದಿನ. ಕಿವಿಯಲ್ಲಿ ಫೋನು, ಆ ಕಡೆ ಹೆಂಡತಿಯನ್ನು ಕಳಕೊಂಡವನ ಅಳು. ಈ ಕಡೆ ದೊಡ್ಡವರು ತಾವೇ ಬಂದು, "ಕೈಬರಹ ಯಾರಿಗೂ ಓದೋಕಾಗಲ್ಲಮ್ಮ, ಟೈಪು ಮಾಡಿಸಿದ್ದೀನಿ, ಒಂದು ಸಹಿ ಹಾಕು" ಎಂದು ಹಾಳೆಗಳನ್ನು ಮುಂದಿಟ್ಟದ್ದು. ತನ್ನದೇ ಬರವಣಿಗೆ, ಮತ್ತೆ ಓದುವುದೇನು ಎಂದು ಅವಳು ಹಾಕಿದ್ದು.

"ಸಿಕ್ತೇನಮ್ಮಾ?"

ದೊಡ್ಡವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚಹಾದ ಲೋಟ. ಹದಿನಾಲ್ಕು ವರ್ಷದಿಂದ ಅವಳಿಗೆ ಕೆಲಸ ಕಲಿಸಿದವರು. ಅವಳ ಮದುವೆಯಲ್ಲಿ ಅಣ್ಣನ ಜಾಗದಲ್ಲಿ ನಿಂತವರು.

"ಈ ಸಾಲು ನಾನು ಬರೆದಿಲ್ಲ ಸರ್."

"ಸಹಿ?"

"ಸಹಿ ನನ್ನದೇ."

"ಮತ್ತೆ?" ಅವರು ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. "ದೋಷಾರೋಪ ಪಟ್ಟಿಗೆ ನಿನ್ನದೊಂದು ಸಹಿ ಬಾಕಿ ಇದೆ. ಐದಕ್ಕೆ ಕೋರ್ಟು ಬಾಗಿಲು ಹಾಕುತ್ತೆ."

"ಆ ಮೆಕ್ಯಾನಿಕ್ ಏನೂ ಮಾಡಿಲ್ಲ. ನಿಮಗೆ ಗೊತ್ತು."

"ಏನು ಮಾಡಿಲ್ಲ ಅವನು? ಅರ್ಜಿ ಬರೆದ. ಎಲ್ಲರೂ ಸುಮ್ಮನಿದ್ದಾಗ ಅರ್ಜಿ ಬರೆಯೋನು ಎಷ್ಟು ತೊಂದರೆ ಕೊಡ್ತಾನೆ ಅಂತ ನಿನಗೆ ಗೊತ್ತಿಲ್ಲ." ಚಹಾ ಒಂದು ಗುಟುಕು ಕುಡಿದರು. "ಅವನು ಹೋದರೆ ಒಬ್ಬ ಹೋಗ್ತಾನೆ. ಅವನು ಉಳಿದರೆ ಈ ಊರಿನ ಪ್ರತಿ ಲಿಫ್ಟಿನ ಕಾಗದ ಹೊರಗೆ ಬರುತ್ತೆ. ಆಸ್ಪತ್ರೆ, ಶಾಲೆ, ಕೋರ್ಟು. ಎಷ್ಟು ಜನರ ಮನೆ ಹಾಳಾಗುತ್ತೆ ಯೋಚನೆ ಮಾಡು."

"ಆ ಬಾಣಂತಿ ಮನೆ?"

ದೊಡ್ಡವರು ಲೋಟವನ್ನು ಕೆಳಗಿಟ್ಟರು.

ಸಣ್ಣಮ್ಮ ಕೂತಳು. ಒಂದು ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದಳು. ಕಡತದಲ್ಲಿರುವ ಟೈಪು ಮಾಡಿದ ಮಹಜರನ್ನು ನಾನು ಓದದೆ ಸಹಿ ಮಾಡಿರುತ್ತೇನೆ. ನಾನು ಕೈಯಾರೆ ಬರೆದ ಮಹಜರಿನಲ್ಲಿ ಹಳಿಯ ಗುರುತುಗಳ ಪ್ರಸ್ತಾಪ ಇರಲಿಲ್ಲ. ಗಾಯಗಳು ಮುದ್ರೆ ಒತ್ತಿದ ನಂತರ ಮಾಡಿದವು ಎಂದು ನಂಬಲು ಕಾರಣಗಳಿವೆ.

"ಓದದೆ ಸಹಿ ಹಾಕಿದೆ ಅಂತ ಬರೀತಿದ್ದೀಯಾ?" ದೊಡ್ಡವರು ಮೇಜಿನ ಮೇಲಿಂದ ಬಗ್ಗಿ ಓದಿದರು. "ಹಾಗಾದ್ರೆ ನಿನಗೂ ಆ ಠಸ್ಸೆಗೂ ಏನಮ್ಮ ವ್ಯತ್ಯಾಸ?"

ಅವಳ ಪೆನ್ನು ಒಂದು ಕ್ಷಣ ನಿಂತಿತು. ಮಾತು ಸುಳ್ಳಲ್ಲ ಎನ್ನುವುದೇ ಅದರ ವಿಷ.

"ಅವರು ಬರೆದು ಕೊಡಲಿಲ್ಲ, ನಾನು ಕೊಡ್ತಿದ್ದೀನಿ. ಇವತ್ತಿಗೆ ಅಷ್ಟೇ ವ್ಯತ್ಯಾಸ," ಎನ್ನುತ್ತಾ ಬರೆದು ಮುಗಿಸಿದಳು.

"ಸರಿ. ಕೆಲಸ ಹೋಗುತ್ತೆ, ಕೇಸೂ ಬೀಳುತ್ತೆ. ಆದ್ರೂ ಬರೆದೆ. ಕೊಡೋದು ಯಾರಿಗೆ? ನಿನ್ನ ಮೇಲಧಿಕಾರಿಗೆ ತಾನೇ?" ದೊಡ್ಡವರು ಅಂಗೈ ಚಾಚಿದರು.

"ನ್ಯಾಯಾಧೀಶರಿಗೆ," ಎಂದಳು ಸಣ್ಣಮ್ಮ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಗಡಿಯಾರದಲ್ಲಿ ನಾಲ್ಕು ಮೂವತ್ತೈದು. ಕೋರ್ಟು ಅದೇ ರಸ್ತೆಯ ಆ ತುದಿಯಲ್ಲಿತ್ತು. ನಡೆದರೆ ಎಂಟು ನಿಮಿಷ.

ದೊಡ್ಡವರು ತಡೆಯಲಿಲ್ಲ. ಎದ್ದು ದಾರಿ ಬಿಟ್ಟರು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಅವಳು ಕುರ್ಚಿಯಿಂದ ಚೀಲ ಎತ್ತಿಕೊಂಡು ಹೊರಟಾಗ, ಅವರು ಅವಳ ಮೇಜಿನ ಫೋನನ್ನೇ ಕೈಗೆತ್ತಿಕೊಂಡರು.

"ಗೇಟಾ? ಸಣ್ಣಮ್ಮನವರು ಕೆಳಗೆ ಬರ್ತಿದ್ದಾರೆ." ದನಿ ಎಂದಿನಂತೆ ಮೆತ್ತಗಿತ್ತು. "ಲಿಫ್ಟ್ ಗುತ್ತಿಗೆದಾರನ ಕಡೆಯಿಂದ ಏನೋ ತಗೊಂಡಿದ್ದಾರೆ ಅಂತ ದೂರು ಬಂದಿದೆ. ನನಗೂ ನಂಬೋಕಾಗ್ತಿಲ್ಲ. ಇಬ್ಬರು ಸಾಕ್ಷಿ ಕರ್ಕೊಳ್ಳಿ. ಅವರ ಚೀಲ ಒಂದು ಸಾರಿ ತೆರೆಸಿ ನೋಡಿ."

ಸಣ್ಣಮ್ಮ ಹೊಸ್ತಿಲ ಮೇಲೆ ನಿಂತಳು. ಹೆಗಲ ಮೇಲಿನ ಪಟ್ಟಿ ಮಾಂಸದೊಳಗೆ ಇಳಿಯುತ್ತಿತ್ತು. ಅರ್ಧ ಗಂಟೆಯ ಹಿಂದೆ ಅವಳು ಕುರ್ಚಿಗೆ ನೇತುಹಾಕಿ ಹೋದ ಚೀಲ ಇಷ್ಟು ಭಾರ ಇರಲಿಲ್ಲ.

ಕೆಳಗೆ, ಮೆಟ್ಟಿಲ ಬುಡದಲ್ಲಿ, ಎರಡು ಜೊತೆ ಬೂಟುಗಳು ಹತ್ತತೊಡಗಿದವು.